ಟ್ರಿಗರ್ ಹಿಡ್ಕೊಂಡ್ರೆ ಅರ ಹಿಡೀಬೇಡಿ

ಇಂಜಿನಿಯರ್ ಅಂತ ಒಂದ್ಸಲ ಹೆಸರು ಬಿದ್ದರೆ ಮುಗೀತು, ಊರಲ್ಲಿ ಮಿಕ್ಸಿ ಕೆಟ್ಟರೂ ನಮ್ಮನ್ನೇ ಕೇಳ್ತಾರೆ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ಮಾಡೋದು ಜಾವಾ ಕೋಡಿಂಗು ಅಂದ್ರೆ ಯಾರೂ ಕಿವಿಗೇ ಹಾಕ್ಕೊಳ್ಳಲ್ಲ :-) ಆದರೆ ಈ ಮಳೆಗಾಲದಲ್ಲಿ ಚಿಕ್ಕಪ್ಪ ಫೋನ್ ಮಾಡಿ ಕೇಳಿದ್ದು ಮಾತ್ರ ಹೊಸ ಪ್ರಶ್ನೆ. "ಜೋಡಿ ನಳಿಗೆ ಕೋವಿದು ಹಿಂದಿನ ಟ್ರಿಗರ್ ಒತ್ತಿದ್ರೆ ವಾಪಸ್ಸೇ ಬರಲ್ಲ ಮಾರಾಯ. ಒಳಗೆ ಸ್ವಲ್ಪ ಅರ ಹಾಕಿ ಉಜ್ಜಿದ್ರೆ ಸರಿ ಹೋಗುತ್ತಂತೆ, ಹೌದಾ?"

"ಚಿಕ್ಕಪ್ಪ, ದಯವಿಟ್ಟು ಅರ ಮಾತ್ರ ಮುಟ್ಬೇಡಿ" ಅಂದೆ. ಯಾಕೆ ಅನ್ನೋದನ್ನ ಫೋನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ, ಇಲ್ಲಿ ಬರೀತಿದ್ದೇನೆ.

ಬೆಂಗಳೂರಲ್ಲೇ ಹುಟ್ಟಿ ಬೆಳೆದ ಗೆಳೆಯರಿಗೆ ಮೊದಲು ಒಂದು ಮಾತು. ಮನೇಲಿ ಕೋವಿ ಇದೆ ಅಂದ್ರೆ ಗಾಬರಿ ಬೀಳಬೇಡಿ. ಮಲೆನಾಡಿನ ಅಡಿಕೆ, ಕಾಫಿ ತೋಟದ ಎಷ್ಟೋ ಮನೆಗಳಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಕೋವಿ ಇರುತ್ತೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗೀತು. ಈಗ ಅದರ ಕೆಲಸ ಅಂದ್ರೆ ಗಾಳಿಗೆ ಒಂದು ಈಡು ಹೊಡೆದು ಮಂಗನ ಹಿಂಡು ಓಡಿಸೋದು. ಕೊಡಗಿನಲ್ಲಂತೂ ಕೋವಿ ಸಂಸ್ಕೃತಿಯ ಭಾಗ. ಕೈಲ್ ಮುಹೂರ್ತದ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡ್ತಾರೆ. ಕೊಡವರಿಗೆ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದಲೂ ಇರುವ ವಿನಾಯಿತಿಯನ್ನ ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ 10 ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನ ಎತ್ತಿ ಹಿಡಿಯಿತು. ಅಂದ್ರೆ ಈ ಹಳೇ ಕೋವಿಗಳು ಇನ್ನೂ ಬಹಳ ಕಾಲ ಮನೆಗಳಲ್ಲಿ ಇರೋವೇ. ಅವು ಕೆಡೋವೇ.

ಈಗ ಒಳಗೇನಿದೆ ನೋಡೋಣ. ಕುದುರೆ ಹೊರಗೆ ಕಾಣದ ಜೋಡಿ ನಳಿಗೆ ಕೋವಿಗಳಲ್ಲಿ ಹೆಚ್ಚಿನವು 1875ರಲ್ಲಿ ಇಂಗ್ಲೆಂಡಿನ ಆನ್ಸನ್ ಮತ್ತು ಡೀಲಿ ಪೇಟೆಂಟ್ ಪಡೆದ ವಿನ್ಯಾಸದ ಮಕ್ಕಳು ಮರಿಮಕ್ಕಳು. ನೂರೈವತ್ತು ವರ್ಷವಾದರೂ ಮೂಲ ಬದಲಾಗಿಲ್ಲ. (ನಮ್ಮ ಫೀಲ್ಡಲ್ಲಿ ಮೂರು ವರ್ಷಕ್ಕೆ ಫ್ರೇಮ್‌ವರ್ಕೇ ಹಳೇದಾಗುತ್ತೆ!) ಕೋವಿಯನ್ನ ಮಡಚಿದಾಗ ಒಳಗಿನ ಕುದುರೆ ಸ್ಪ್ರಿಂಗ್ ಒತ್ತಿಕೊಂಡು ಹಿಂದೆ ಸರಿಯುತ್ತೆ. ಅದರ ಮೈಮೇಲೆ ಒಂದು ಸಣ್ಣ ಕಚ್ಚು ಇದೆ. ಸಿಯರ್ ಅನ್ನೋ ಪುಟ್ಟ ಉಕ್ಕಿನ ತುಂಡಿನ ಮೂತಿ ಆ ಕಚ್ಚಿಗೆ ಸಿಕ್ಕಿಕೊಂಡು ಕುದುರೆಯನ್ನ ತಡೆದು ನಿಲ್ಲಿಸುತ್ತೆ. ನಾವು ಟ್ರಿಗರ್ ಎಳೆದಾಗ ಆಗೋದು ಇಷ್ಟೇ: ಅದು ಸಿಯರಿನ ಬಾಲ ಎತ್ತುತ್ತೆ, ಮೂತಿ ಕಚ್ಚಿನಿಂದ ಜಾರುತ್ತೆ, ಕುದುರೆ ಬಡಿಯುತ್ತೆ. ಇಂಥ ಎರಡು ಸೆಟ್ಟು. ಸಾಮಾನ್ಯವಾಗಿ ಮುಂದಿನ ಟ್ರಿಗರ್ ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ. ಆ ಮೂತಿ ಮತ್ತು ಕಚ್ಚು ಒಂದಕ್ಕೊಂದು ಹಿಡಿದಿರೋದು ಅಕ್ಕಿ ಕಾಳಿನ ದಪ್ಪಕ್ಕಿಂತ ಕಡಿಮೆ.

ಟ್ರಿಗರ್ ಯಾಕೆ ಹಿಡ್ಕೊಳ್ಳುತ್ತೆ? ನಮ್ಮ ಕಡೆ ಮೊದಲ ಅಪರಾಧಿ ಎಣ್ಣೆ. ಎಣ್ಣೆ ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ! ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಕೋವಿ ಇಳಿಸಿ, ಕೈಗೆ ಸಿಕ್ಕ ಎಣ್ಣೆ ಸುರಿದು, ಕುಂಕುಮ ಹಚ್ಚಿ ಮತ್ತೆ ಗೋಡೆಗೆ. ಕೊಬ್ಬರಿ ಎಣ್ಣೆ 24-25 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ, ಮಲೆನಾಡಿನ ಚಳಿಗಾಲದ ಬೆಳಗ್ಗೆ ಬಾಟಲಿ ನೋಡಿದವರಿಗೆ ಇದನ್ನ ಹೇಳಬೇಕಿಲ್ಲ. ಬೇರೆ ಎಣ್ಣೆಗಳು ಗಾಳಿ, ಧೂಳು, ಮದ್ದಿನ ಮಸಿ ಸೇರಿ ಗೋಂದಾಗ್ತವೆ. ಅಗರಿನ ಮೇಲೆ ಅಗರು. ಎರಡನೆಯದು ಮರ. ಜೂನ್ ಬಂದ್ರೆ ನಮ್ಮನೆ ಬಾಗಿಲುಗಳೇ ಊದಿಕೊಂಡು ಹಾಕೋಕೆ ಬರಲ್ಲ. ಕೋವಿಯ ಹಿಡಿಯೂ ಮರವೇ ತಾನೆ? ಊದಿದ ಮರ ಟ್ರಿಗರಿನ ಬದಿಗೋ ಸಿಯರಿನ ಬಾಲಕ್ಕೋ ತಾಗುತ್ತೆ. ಮಳೆಗಾಲದಲ್ಲಿ ಹಿಡ್ಕೊಂಡು ಬೇಸಿಗೆಯಲ್ಲಿ ತಾನೇ ಸರಿ ಹೋಗೋ ಕೋವಿ ಇದ್ದರೆ ಮರದ ಮೇಲೆ ಅನುಮಾನ ಇಡಿ. ಮೂರನೆಯದು ತುಕ್ಕು. ಚುನಾವಣೆ ಬಂತೆಂದರೆ ಎಷ್ಟೋ ಜನರ ಕೋವಿ ಠಾಣೆ ಸೇರುತ್ತೆ. ನಮ್ಮ ಕೋವಿ ಹಾಗೆ ಹೋಗಿ ಬಂದಾಗ ಟ್ರಿಗರಿನ ಬುಡದಲ್ಲಿ ಕೆಂಪು ಪುಡಿ ಇತ್ತು. ಎಲ್ಲರೂ ಮುಂದಿನ ಟ್ರಿಗರನ್ನೇ ಬಳಸೋದ್ರಿಂದ ಹಿಂದಿನದು ಅಲ್ಲಾಡದೆ ಇನ್ನೂ ಬೇಗ ಹಿಡ್ಕೊಳ್ಳುತ್ತೆ. ಆಮೇಲೆ ಸೋತ ಸ್ಪ್ರಿಂಗ್, ಬಾಗಿದ ಪಿನ್ನು ಇತ್ಯಾದಿ.

ಈಗ ಗಮನಿಸಿ. ಈ ಪಟ್ಟಿಯಲ್ಲಿ ಯಾವುದಕ್ಕಾದ್ರೂ ಅರ ಮದ್ದಾಗುತ್ತಾ? ಇಲ್ಲ. ಅರ ಹಾಕಬೇಕು ಅನ್ನೋರು ಉಜ್ಜೋದು ಸಿಯರಿನ ಮೂತಿಯನ್ನ, ಅಂದ್ರೆ ಇಡೀ ಯಂತ್ರದಲ್ಲಿ ಉಜ್ಜಲೇಬಾರದ ಜಾಗವನ್ನ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಎರರ್ ಬರ್ತಿದೆ ಅಂತ ಎರರ್ ಚೆಕ್ಕನ್ನೇ ಕಾಮೆಂಟ್ ಮಾಡಿದ ಹಾಗೆ. ಉಜ್ಜಿದ ದಿನ ಟ್ರಿಗರ್ ಬೆಣ್ಣೆ ಹಾಗೆ ಬರುತ್ತೆ, ಎಲ್ಲರಿಗೂ ಖುಷಿ. ಆದರೆ ಉಕ್ಕಿನ ಗಟ್ಟಿ ಪದರ ಹೋಗಿರುತ್ತೆ, ಕೋನ ಬದಲಾಗಿರುತ್ತೆ. ಈ ಕೋವಿಗಳಲ್ಲಿ ಮುಂದಿನ ಟ್ರಿಗರ್ ಸುಮಾರು ಒಂದೂ ಮುಕ್ಕಾಲು ಕೇಜಿ ಎಳೆತಕ್ಕೆ ಬಿಡುವಂತೆ, ಹಿಂದಿನದು ಅದಕ್ಕಿಂತ ತುಸು ಬಿಗಿ ಇರುವಂತೆ ಮಾಡಿರ್ತಾರೆ. ಹಿಂದಿನದು ಬಿಗಿ ಇರೋದು ತಪ್ಪಿ ಆದದ್ದಲ್ಲ, ಮೊದಲ ಈಡಿನ ಒದೆತಕ್ಕೆ ಎರಡನೇ ನಳಿಗೆಯೂ ಹಾರಿಬಿಡಬಾರದು ಅಂತ. ಅದನ್ನ ಸಡಿಲ ಮಾಡಿದ್ರೆ ಎರಡೂ ಒಟ್ಟಿಗೆ ಹಾರಬಹುದು. ಅಥವಾ ಹಿಡಿಯನ್ನ ನೆಲಕ್ಕೆ ಕುಟ್ಟಿದಾಗ ಹಾರಬಹುದು.

"ಸೇಫ್ಟಿ ಹಾಕಿದ್ರೆ ಆಯ್ತಲ್ಲ" ಅನ್ನೋರಿದ್ದಾರೆ. ಇದನ್ನ ಬಹಳ ಜನ ತಿಳಿದಿಲ್ಲ: ಇಂಥ ಹೆಚ್ಚಿನ ಕೋವಿಗಳಲ್ಲಿ ಸೇಫ್ಟಿ ತಡೆಯೋದು ಟ್ರಿಗರನ್ನ ಮಾತ್ರ, ಕುದುರೆಯನ್ನಲ್ಲ. ಸವೆದ ಸಿಯರ್ ತಾನಾಗಿ ಜಾರಿದ್ರೆ ಸೇಫ್ಟಿ ಸುಮ್ಮನೆ ನೋಡ್ತಾ ಇರುತ್ತೆ. ಹಿಡ್ಕೊಂಡ ಟ್ರಿಗರ್ ಒಂದು ಕಿರಿಕಿರಿ, ಮಂಗ ಎರಡು ಅಡಿಕೆ ಗೊನೆ ಹಾಳು ಮಾಡುತ್ತೆ ಅಷ್ಟೆ. ಕೇಳದೆ ಬಿಡುವ ಟ್ರಿಗರ್ ಜಗಲಿಯಲ್ಲಿ ಆಡೋ ಮಗುವಿನ ಪ್ರಾಣ.

ಹಾಗಾದ್ರೆ ಮನೆಯವರು ಏನು ಮಾಡಬಹುದು? ತೋಟಾ ತೆಗೆದು, ಎರಡೂ ನಳಿಗೆ ಖಾಲಿ ಅಂತ ಕಣ್ಣಲ್ಲಿ ನೋಡಿ, ತೋಟಾಗಳನ್ನ ಬೇರೆ ಕೋಣೆಗೆ ಸಾಗಿಸಿ. ಕೋವಿಯನ್ನ ಮೂರು ಭಾಗ ಮಾಡೋದು ಎಲ್ಲ ಮಾಲೀಕರಿಗೂ ಗೊತ್ತು, ಅಲ್ಲಿಗೆ ನಿಲ್ಲಿಸಿ. ಹೊರಗೆ ಕಾಣುವ ಕೊಳೆ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆ ಒಂದೇ ತೊಟ್ಟು. ಸ್ಪ್ರೇ ಡಬ್ಬಿಯನ್ನ ಟ್ರಿಗರಿನ ಸಂದಿಗೆ ಊದಬೇಡಿ, ಹಳೇ ಅಂಟನ್ನ ಕರಗಿಸಿ ಇನ್ನೂ ಒಳಗಿನ ಮೂಲೆಗೆ ತಳ್ಳುತ್ತೆ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಡಬೇಡಿ. ಎಣ್ಣೆ ಹಾಕಿದ ಮೇಲೆ ಸ್ವಲ್ಪ ಹೊತ್ತು ನಳಿಗೆ ಕೆಳಗಾಗಿ ನಿಲ್ಲಿಸಿ, ಎಣ್ಣೆ ಹಿಡಿಯ ಮರಕ್ಕೆ ಇಳಿಯಲ್ಲ. ಇದಕ್ಕೂ ಬಗ್ಗದಿದ್ದರೆ ಗನ್‌ಸ್ಮಿತ್ ಹತ್ತಿರ ಹೋಗಿ. ಆ ಸ್ಕ್ರೂಗಳ ಸೀಳು ಕೂದಲೆಳೆಯಷ್ಟು ಸಣ್ಣ. ಅದಕ್ಕಂತಲೇ ಮಸೆದ ಸ್ಕ್ರೂಡ್ರೈವರ್ ಬೇಕು, ನಮ್ಮ ಸ್ವಿಚ್ ಬೋರ್ಡಿನದು ಹಾಕಿದ್ರೆ ಸೀಳು ಕಿತ್ತು ಬರುತ್ತೆ.

"ಗನ್‌ಸ್ಮಿತ್ ಎಲ್ಲಿದ್ದಾನಪ್ಪ?" ಅಂತ ಚಿಕ್ಕಪ್ಪ ಕೇಳಿದ್ದು ನ್ಯಾಯವಾದ ಪ್ರಶ್ನೆ. ನಾನು ಚಿಕ್ಕವನಿದ್ದಾಗ ಪೇಟೆಯಲ್ಲಿ ಒಬ್ಬರಿದ್ದರು. ನಮ್ಮ ಕೋವಿ ಬಿಚ್ಚುವಾಗ ಪ್ರತಿ ಸ್ಕ್ರೂವನ್ನೂ ರಟ್ಟಿನ ಮೇಲೆ ಅದರದೇ ಜಾಗದಲ್ಲಿ ಚುಚ್ಚಿಡ್ತಿದ್ದರು, ನಾನು ಪಕ್ಕದಲ್ಲಿ ಕೂತು ನೋಡ್ತಿದ್ದೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದರು, ಅಂಗಡಿ ಮುಚ್ಚಿತು. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿ ರಿಪೇರಿ ಮಾಡೋದು ಅಪರಾಧ. 2019ರ ತಿದ್ದುಪಡಿಯಲ್ಲಿ ಶಿಕ್ಷೆ ಇನ್ನೂ ಕಠಿಣವಾಯಿತು. ಕಾನೂನು ಬೇಡ ಅಂತ ನಾನು ಹೇಳ್ತಿಲ್ಲ. ಕಳ್ಳ ಕೋವಿ ತಯಾರಿಸೋರನ್ನ ಹಿಡೀಲೇಬೇಕು. ಆದರೆ ಸಕ್ರಮವಾಗಿ ರಿಪೇರಿ ಮಾಡೋರು ಹತ್ತಿರದಲ್ಲಿ ಇಲ್ಲದಾಗ ಜನ ಏನು ಮಾಡ್ತಾರೆ? ಕತ್ತಲಾದ ಮೇಲೆ ವೆಲ್ಡಿಂಗ್ ಶಾಪಿಗೆ ಹೋಗ್ತಾರೆ, ಇಲ್ಲಾ ತಾವೇ ಅರ ಹಿಡೀತಾರೆ.

ನನಗನ್ನಿಸೋದು ಇಷ್ಟು. 2016ರ ನಿಯಮಗಳು ಹೊಸದಾಗಿ ಲೈಸೆನ್ಸ್ ಕೇಳೋರಿಗೆ ಸುರಕ್ಷತಾ ತರಬೇತಿ ಕಡ್ಡಾಯ ಮಾಡಿವೆ, ಒಳ್ಳೇದು. ಮನುಷ್ಯನನ್ನ ಪರೀಕ್ಷೆ ಮಾಡಿದ ಹಾಗೆ ಕೋವಿಯನ್ನೂ ಮಾಡಲಿ. ರಿನ್ಯೂವಲ್ಲಿಗೆ ನಮ್ಮ ಕೋವಿ ಒಯ್ದಾಗೆಲ್ಲ ನೋಡಿದ್ದು ಅದರ ನಂಬರನ್ನ. ಟ್ರಿಗರ್ ಎಷ್ಟು ಎಳೆತಕ್ಕೆ ಬಿಡುತ್ತೆ, ಕುಟ್ಟಿದ್ರೆ ನಿಲ್ಲುತ್ತಾ ಅಂತ ಒಬ್ಬ ನುರಿತವನು ನೋಡೋಕೆ ಹತ್ತು ನಿಮಿಷ ಸಾಕು. ಜಿಲ್ಲೆಗೊಬ್ಬರಾದರೂ ಗನ್‌ಸ್ಮಿತ್ ಇರುವಂತೆ ಐಟಿಐ ಫಿಟ್ಟರ್ ಹುಡುಗರಿಗೆ ತರಬೇತಿ, ಲೈಸೆನ್ಸ್ ಕೊಡಲಿ. ಸರಿ ಮಾಡಲಾಗದ ಕೋವಿಯನ್ನ ಅಜ್ಜನ ನೆನಪು ಅಂತ ತುಂಬಿಸಿ ಇಟ್ಟುಕೊಳ್ಳದೆ ಮಾಲೀಕರು ಒಪ್ಪಿಸಿಬಿಡಲಿ. ಅಜ್ಜನ ಫೋಟೋ ಹೇಗೂ ಗೋಡೆ ಮೇಲಿದೆ.

"ಕೋವಿಯೇ ಬೇಡ" ಅನ್ನೋ ಗೆಳೆಯರೂ ಇದ್ದೀರಿ, ಗೊತ್ತು. ಆ ಚರ್ಚೆ ಇನ್ನೊಮ್ಮೆ ಆಡೋಣ. ಅಲ್ಲೀವರೆಗೆ ಇರೋ ಕೋವಿಗಳಾದರೂ ಹೇಳಿದಾಗ ಮಾತ್ರ ಮಾತಾಡಲಿ ಅನ್ನೋದು ನನ್ನ ವಾದ. ನಿಮ್ಮೂರ ಕಡೆ ಲೈಸೆನ್ಸ್ ಇರೋ ಹಳೇ ಗನ್‌ಸ್ಮಿತ್ ಯಾರಾದ್ರೂ ಇನ್ನೂ ಕೆಲಸ ಮಾಡ್ತಿದ್ದಾರಾ? ಇದ್ದರೆ ಹೇಳಿ, ಚಿಕ್ಕಪ್ಪನಿಗೆ ತಿಳಿಸ್ತೇನೆ.