ಮೈಗೆ ಒಗ್ಗುವ ಲೋಹ

ಕಂಗಿನ ಮರದಿಂದ ಬಿದ್ದು ತೊಡೆಯ ಎಲುಬು ಮುರಿದವರು, ಬೈಕಿನಿಂದ ಬಿದ್ದು ಕೈ ಮುರಿದವರು, ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡ ವೃದ್ಧರು - ಇಂಥವರಿಲ್ಲದ ಊರು ನಮ್ಮ ಕಾಸರಗೋಡು ಸೀಮೆಯಲ್ಲಿ ಸಿಗುವುದು ಕಷ್ಟ. "ಆಪರೇಶನ್ ಮಾಡಿ ರಾಡ್ ಹಾಕಿದ್ದಾರೆ" ಎಂಬ ಸುದ್ದಿ ಬಂದೊಡನೆ ಮನೆಯ ಅಜ್ಜಿ ಕೇಳುವ ಪ್ರಶ್ನೆ ಒಂದೇ: "ಅಲ್ಲ ಮಗಾ, ಮೈಯೊಳಗೆ ಕಬ್ಬಿಣ ಇಟ್ಟರೆ ತುಕ್ಕು ಹಿಡಿಯುವುದಿಲ್ಲವಾ?" ವಿಜ್ಞಾನ ಓದುವ ನಾವು ನಕ್ಕು ಸುಮ್ಮನಾಗುತ್ತೇವೆ. ಹಾಗೆ ನಗುವುದು ಸರಿಯಲ್ಲವೆಂದು ಈಗ ನಮಗೆ ತೋರುತ್ತದೆ.

ಅಜ್ಜಿಯ ಪ್ರಶ್ನೆ ಪೆದ್ದು ಪ್ರಶ್ನೆಯಲ್ಲ. ಕಡಲ ಕರೆಯ ಮನೆಗಳ ಕಿಟಕಿ ಸರಳುಗಳು ಉಪ್ಪುಗಾಳಿಗೆ ಹೇಗೆ ತಿಂದುಹೋಗುತ್ತವೆಂದು ನಾವೆಲ್ಲರೂ ಕಂಡಿದ್ದೇವೆ. ನಮ್ಮ ರಕ್ತವೂ ಉಪ್ಪುನೀರೇ. ಸಾಧಾರಣ ಕಬ್ಬಿಣವನ್ನು ಅದರಲ್ಲಿಟ್ಟರೆ ತುಕ್ಕು ಹಿಡಿಯುವುದು ಖಂಡಿತ. ಆದುದರಿಂದಲೇ ವೈದ್ಯರು ಕ್ರೋಮಿಯಂ, ನಿಕಲ್ ಬೆರೆತ ವಿಶೇಷ ಉಕ್ಕನ್ನೋ, ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹವನ್ನೋ, ಟೈಟಾನಿಯಂ ಮಿಶ್ರಲೋಹವನ್ನೋ ಬಳಸುತ್ತಾರೆ.

ಟೈಟಾನಿಯಂ ನಮಗೆ ಪರಕೀಯವಲ್ಲ. ನಮ್ಮದೇ ರಾಜ್ಯದ ಕೊಲ್ಲಂ ಜಿಲ್ಲೆಯ ಚವರದ ಕಡಲ ಮರಳಿನಲ್ಲಿರುವ ಇಲ್ಮನೈಟ್ ಎಂಬ ಕಪ್ಪು ಖನಿಜ ಇದರ ಅದಿರು. ಅಲ್ಯೂಮಿನಿಯಂ ಪಾತ್ರೆಯ ಮೈಮೇಲೆ ಆಕ್ಸೈಡಿನ ಪೊರೆ ಕಟ್ಟಿ ಒಳಗಿನ ಲೋಹವನ್ನು ಕಾಯುತ್ತದೆಂದು ತರಗತಿಯಲ್ಲಿ ಕಲಿತಿದ್ದೇವಷ್ಟೆ. ಟೈಟಾನಿಯಂ ಮೇಲೂ ಅಂಥದೊಂದು ಪೊರೆ ತಾನಾಗಿ ಕಟ್ಟುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೂ ಅದು ಬಲು ಗಟ್ಟಿ. ಗೀರು ಬಿದ್ದರೆ ಕ್ಷಣಮಾತ್ರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ದೇಹಕ್ಕೆ ತಾಗುವುದು ಲೋಹವಲ್ಲ, ಈ ಪೊರೆ.

1950ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿ ಬ್ರೋನೆಮಾರ್ಕ್ ಮೊಲದ ಕಾಲಿನ ಎಲುಬಿನಲ್ಲಿ ಟೈಟಾನಿಯಂನ ಪುಟ್ಟ ಉಪಕರಣವೊಂದನ್ನು ಕೂರಿಸಿ ಪ್ರಯೋಗ ನಡೆಸಿದರು. ಕೆಲಸ ಮುಗಿದ ಮೇಲೆ ತೆಗೆಯಹೋದರೆ ಅದು ಬರಲೇ ಇಲ್ಲ; ಎಲುಬು ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಈ ಅನುಭವದ ಬಲದಿಂದ ಅವರು 1965ರಲ್ಲಿ ಮನುಷ್ಯನ ದವಡೆಯಲ್ಲಿ ಟೈಟಾನಿಯಂ ಬೇರಿನ ಹಲ್ಲು ಕೂರಿಸಿದರು.

ಹಾಗಾದರೆ ಟೈಟಾನಿಯಂ ಎಲ್ಲಕ್ಕೂ ಮದ್ದೇ? ಅಲ್ಲ. ಶುದ್ಧ ಟೈಟಾನಿಯಂಗೆ ಹೆಚ್ಚು ಭಾರ ಹೊರುವ ಕಸುವು ಸಾಲದು. ಅದಕ್ಕಾಗಿ ಶೇಕಡಾ 6ರಷ್ಟು ಅಲ್ಯೂಮಿನಿಯಂ, 4ರಷ್ಟು ವನೇಡಿಯಂ ಬೆರೆಸಿದ ಮಿಶ್ರಲೋಹ ಬಳಕೆಗೆ ಬಂತು. ವನೇಡಿಯಂ ಜೀವಕೋಶಗಳಿಗೆ ಹಾನಿಕರವಾಗಬಹುದೆಂಬ ಶಂಕೆ ಹುಟ್ಟಿದಾಗ, ಅದರ ಬದಲಿಗೆ ನಿಯೋಬಿಯಂ ಬೆರೆಸಿದ ಮಿಶ್ರಲೋಹವನ್ನು ಸ್ವಿಟ್ಜರ್ಲೆಂಡಿನಲ್ಲಿ ರೂಪಿಸಿದರು. ಟೈಟಾನಿಯಂನ ಇನ್ನೊಂದು ದೌರ್ಬಲ್ಯ ಸವೆತ. ಸದಾ ಉಜ್ಜುವ ಜಾಗದಲ್ಲಿ ಪೊರೆ ಮತ್ತೆ ಮತ್ತೆ ಹರಿದು ಲೋಹ ಪುಡಿಯಾಗುತ್ತದೆ.

ಇದಕ್ಕೆ ನಿದರ್ಶನ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲೇ ಇದೆ. ಮುಂದೆ ಮಣಿಪಾಲದಲ್ಲಿ ಕುಲಪತಿಗಳಾದ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ಅಲ್ಲಿ ಕೃತಕ ಹೃದಯ ಕವಾಟ ತಯಾರಾಗುತ್ತಿದ್ದಾಗ, ಒಂದು ಮಾದರಿಯ ಚೌಕಟ್ಟು ಟೈಟಾನಿಯಂನದು, ತೆರೆದು ಮುಚ್ಚುವ ಬಿಲ್ಲೆ ಗಟ್ಟಿಯಾದ ನೀಲಮಣಿಯದು. ಪರೀಕ್ಷೆಯಲ್ಲಿ ಚೌಕಟ್ಟು ಸವೆಯಿತು. ಅವರು ಟೈಟಾನಿಯಂಗೆ ಅಂಟಿಕೊಳ್ಳಲಿಲ್ಲ. ಕೊನೆಗೆ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿಗೆ ಪ್ಲಾಸ್ಟಿಕ್ಕಿನ ಬಿಲ್ಲೆ ಹೊಂದಿಸಿ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಆ ಕವಾಟ ಅಳವಡಿಸಿದರು.

"ಮೈಗೆ ಒಗ್ಗುತ್ತದೆ" ಎಂಬ ನಮ್ಮ ಮನೆಮಾತು ಇಲ್ಲಿ ಎಷ್ಟು ಸಮರ್ಪಕ ನೋಡಿ! ಒಬ್ಬರಿಗೆ ಒಗ್ಗಿದ ಆಹಾರ ಇನ್ನೊಬ್ಬರಿಗೆ ಒಗ್ಗದು. ಲೋಹದ ಕಥೆಯೂ ಅಷ್ಟೆ. ಎಲುಬಿನೊಳಗೆ ಅಲುಗಾಡದೆ ಕೂರುವ ಕಡೆ ಟೈಟಾನಿಯಂ ಶ್ರೇಷ್ಠ. ಉಜ್ಜುವ ಕೀಲಿನ ಮೈಗೆ ಬೇರೆ ಲೋಹವೋ, ಬೇರೆ ಲೇಪವೋ ಬೇಕಾದೀತು. ಒಗ್ಗುವುದೆಂಬುದು ಲೋಹದ ಗುಣವೊಂದೇ ಅಲ್ಲ. ಅದು ಕೂರುವ ಜಾಗ, ಮಾಡುವ ಕೆಲಸ, ರೋಗಿಯ ದೇಹ ಎಲ್ಲವೂ ಸೇರಿ ಆಗುವ ಮಾತು.

ತಾಯ್ತಂದೆಯರಲ್ಲೂ ನಮ್ಮದೊಂದು ಅರಿಕೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಕೃತಕ ಮಂಡಿಗೆ ಗರಿಷ್ಠ ಬೆಲೆ ಗೊತ್ತುಮಾಡಿದಾಗ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿ, ಟೈಟಾನಿಯಂನಂಥ ವಿಶೇಷ ಲೋಹದ್ದಕ್ಕೆ 76,600 ರೂಪಾಯಿ ಇಟ್ಟಿತು. ಹೆಚ್ಚು ಬೆಲೆಯದೇ ಹೆಚ್ಚು ಒಳ್ಳೆಯದೆಂದು ನಂಬಿ ಸಾಲ ಮಾಡಬೇಡಿ. ಬೆಲೆ ಕಡಿಮೆಯೆಂದು ಹಿಂಜರಿಯಲೂ ಬೇಡಿ. "ಇದು ಯಾವ ಲೋಹ? ಈ ಜಾಗಕ್ಕೆ ಇದೇ ಏಕೆ? ಮುಂದೆ ತೆಗೆಯಬೇಕೇ? ಯಾವಾಗ ಮತ್ತೆ ಪರೀಕ್ಷೆಗೆ ಬರಬೇಕು?" ಎಂದು ವೈದ್ಯರಲ್ಲಿ ಕೇಳಿ. ಇದು ಅವಿಧೇಯತೆಯಲ್ಲ, ರೋಗಿಯ ಹಕ್ಕು. ಆಸ್ಪತ್ರೆಯ ಕಾಗದಪತ್ರಗಳನ್ನು ಜೋಪಾನವಾಗಿಡಿ. ಮುಂದೆ ಸ್ಕ್ಯಾನಿಂಗಿಗೆ ಹೋಗುವಾಗ ಒಳಗೆ ಲೋಹವಿದೆಯೆಂದು ಮರೆಯದೆ ತಿಳಿಸಿ.

ಆ ಕಾಗದಗಳು ಇರುವುದು ಇಂಗ್ಲಿಷಿನಲ್ಲಿ. ಅಜ್ಜಿಯ ಭಯ ಇರುವುದು ಕನ್ನಡದಲ್ಲಿ. ಇವೆರಡರ ನಡುವೆ ನಿಲ್ಲಬೇಕಾದವರು ಕನ್ನಡದಲ್ಲಿ ವಿಜ್ಞಾನ ಕಲಿಯುವ ನಾವು. ಆಕ್ಸೈಡಿನ ಪಾಠವನ್ನು ಪರೀಕ್ಷೆಗೆ ಬರೆದು ಮರೆತರೆ ಕಲಿತದ್ದು ಅರ್ಧ. "ಅಜ್ಜೀ, ತುಕ್ಕು ಹಿಡಿಯುವುದಿಲ್ಲ, ಏಕೆಂದರೆ..." ಎಂದು ಅವರ ಮಂಚದ ಬಳಿ ಕುಳಿತು ಹೇಳಬಲ್ಲೆವಾದರೆ ಮಾತ್ರ ನಮ್ಮ ವಿದ್ಯೆಯೂ ನಮ್ಮ ಮೈಗೆ ಒಗ್ಗಿತೆಂದು ಅರ್ಥ.