ಬಿಳುಪಿನ ಡಬ್ಬಿ, ರಕ್ತದ ಸಾಕ್ಷಿ

ದತ್ತವಾಡದ ಓದುಗ ಸೋದರಿಯೊಬ್ಬರು ನಮಗೆ ಬರೆದಿದ್ದಾರೆ: “ಕನ್ಯೆ ನೋಡಲು ಬರುವವರಿದ್ದಾರೆಂದು ಮಗಳು ಬಿಳುಪಿನ ಕ್ರೀಮು ಹಚ್ಚುತ್ತಿದ್ದಳು. ಈಗ ಪಾದಗಳು ಬಾತಿವೆ. ಪಾದರಸದ ಸಂಶಯದಿಂದ ಡಾಕ್ಟರು ರಕ್ತಪರೀಕ್ಷೆಗೆ ಹೇಳಿದ್ದಾರೆ. ಇದು ಅವಶ್ಯವೇ?”

ಅವಶ್ಯವೆಂದೇ ನಮ್ಮ ಉತ್ತರ. ಇದು ದೂರದೇಶದ ಕಥೆಯಲ್ಲ. ನಮ್ಮ ಮಹಾರಾಷ್ಟ್ರದ ಅಕೋಲೆಯಲ್ಲಿ, ಊರಿನ ಬ್ಯೂಟಿ ಪಾರ್ಲರಿನಿಂದ ತಂದ ಕ್ರೀಮು ಬಳಸಿದ ತಾಯಿ ಹಾಗೂ ಇಬ್ಬರು ಹೆಣ್ಣುಮಕ್ಕಳ ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದ ಸಂಗತಿ 2023ರ ಆರಂಭದಲ್ಲಿ ಬೆಳಕಿಗೆ ಬಂದಿತು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ವೈದ್ಯರು ಕಾರಣವನ್ನು ಅರಸುತ್ತ ಹೋದಾಗ ಆ ಕ್ರೀಮಿನಲ್ಲಿಯೇ ಪಾದರಸ ದೊರೆಯಿತು. ಕೇರಳದ ಕೋಟ್ಟಕ್ಕಲ್‌ನ ವೈದ್ಯರೂ ಇಂತಹ ರೋಗಿಗಳನ್ನು ಕಂಡಿದ್ದಾರೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹುಟ್ಟದಂತೆ ಪಾದರಸವು ತಡೆಯುತ್ತದೆ. ಬಿಳುಪು ಕಾಣುವುದು ಅದರಿಂದಲೇ. ಆದರೆ ಅದು ಚರ್ಮದೊಳಗಿಂದ ಇಳಿದು ಮೂತ್ರಪಿಂಡಗಳಲ್ಲಿ ನೆಲೆಯೂರುತ್ತದೆ. ಭಾರತದ 2020ರ ನಿಯಮಗಳಂತೆ ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಅರಿಯದೆ ಸೇರಿದ ಪಾದರಸವೂ ಹತ್ತು ಲಕ್ಷ ಭಾಗಕ್ಕೆ 1 ಭಾಗವನ್ನು ಮೀರಬಾರದು. ಹೆಸರು, ವಿಳಾಸವಿಲ್ಲದ ಡಬ್ಬಿಗೆ ಈ ನಿಯಮದ ಅಂಜಿಕೆಯೆಲ್ಲಿ?

ಪರೀಕ್ಷೆಗೂ ಒಂದು ಕ್ರಮವುಂಟು. ರಕ್ತವು ಇತ್ತೀಚಿನ ಸುದ್ದಿಯನ್ನಷ್ಟೇ ಹೇಳಬಲ್ಲದು; ಕ್ರೀಮು ಬಿಟ್ಟು ತಿಂಗಳುಗಳು ಕಳೆದಿದ್ದರೆ ಅಂಕಿ ಇಳಿದಿರುತ್ತದೆ. ಈ ಬಗೆಯ ಪಾದರಸಕ್ಕೆ ಮೂತ್ರಪರೀಕ್ಷೆಯೇ ಹೆಚ್ಚು ನಂಬತಕ್ಕದ್ದು. ಆದುದರಿಂದ ಎರಡನ್ನೂ ಮಾಡಿಸುವುದು ಲೇಸು. ಸಮುದ್ರದ ಮೀನು ತಿಂದಿದ್ದರೆ ರಕ್ತದ ಅಂಕಿ ಏರಿರಬಹುದು. ಅದನ್ನು ಮೊದಲೇ ಹೇಳಿರಿ. ರಕ್ತವನ್ನು ಲೋಹದ ಸೋಂಕಿಲ್ಲದ ವಿಶೇಷ ನಳಿಗೆಯಲ್ಲಿಯೇ ತೆಗೆಯಬೇಕು. ಲೋಹವನ್ನು ಹೊರಗೆಳೆಯುವ ಔಷಧಿ ಕೊಟ್ಟು ಅನಂತರ ಮೂತ್ರವನ್ನು ಅಳೆಯುವವರ ಮಾತಿಗೆ ಮರುಳಾಗದಿರಿ. ಹಾಗೆ ಮಾಡಿದರೆ ಆರೋಗ್ಯವಂತರಲ್ಲಿಯೂ ಅಂಕಿ ಏರುತ್ತದೆ.

ಸೋದರಿ, ಕ್ರೀಮನ್ನು ಇಂದೇ ನಿಲ್ಲಿಸಿರಿ. ಆದರೆ ಡಬ್ಬಿಯನ್ನು ಎಸೆಯದೆ ಡಾಕ್ಟರರ ಮುಂದಿಡಿರಿ. ಅದೇ ಟವೆಲು, ದಿಂಬು ಬಳಸುವ ಮನೆಯವರ ವಿಷಯವನ್ನೂ ತಿಳಿಸಿರಿ. ಮಗಳನ್ನು ಗದರಿಸಬೇಡಿರಿ, ಅಂಜಿದ ಮಗಳು ಡಬ್ಬಿಯನ್ನು ಬಚ್ಚಿಟ್ಟರೆ ರೋಗದ ಮೂಲವೇ ಮುಚ್ಚಿಹೋಗುತ್ತದೆ. ಅವಳಿಗೆ ಆ ಡಬ್ಬಿ ಬೇಕೆನಿಸಿದ್ದು ನಮ್ಮೆಲ್ಲರ ಮಾತುಗಳಿಂದಲ್ಲವೇ? ಬಣ್ಣ ನೋಡಿ ಹೆಣ್ಣು ಒಪ್ಪುವ ಮನೆಗೆ ಮಗಳ ಆರೋಗ್ಯವನ್ನು ವರದಕ್ಷಿಣೆಯಾಗಿ ಕೊಡುವುದು ಬೇಡ.