ಗುಂಡಿಗೆ ತಕ್ಕ ನಳಿಗೆ



ಪೇಂಟ್‌ಬಾಲ್ ಎಂಬ ಆಟದ ಹೆಸರನ್ನು ನಿಮ್ಮ ಮನೆಯ ಮಕ್ಕಳ ಬಾಯಲ್ಲಿ ಕೇಳಿಯೇ ಇರುತ್ತೀರಿ. ಕಂಪನಿಯ ವಿಹಾರವೆಂದೋ ಗೆಳೆಯನ ಹುಟ್ಟುಹಬ್ಬವೆಂದೋ ಮುಂಬಯಿ, ಪುಣೆಗಳ ಹೊರವಲಯದ ರೆಸಾರ್ಟಿಗೆ ಹೋಗುತ್ತಾರೆ, ಮೈತುಂಬ ಹಸಿರು ಹಳದಿ ಬಣ್ಣ ಬಳಿಸಿಕೊಂಡು ಮರಳುತ್ತಾರೆ. ಸೋತು ಬಂದವರ ದೂರು ಒಂದೇ: "ನಾನು ಸರಿಯಾಗೇ ಗುರಿಯಿಟ್ಟಿದ್ದೆ, ಗುಂಡೇ ಎತ್ತಲೋ ಹೋಯಿತು!" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕುಬಿಡಬೇಡಿ. ಈ ಆಟದಲ್ಲಿ ನೆಲ ನಿಜಕ್ಕೂ ಕೊಂಚ ಡೊಂಕೇ. ಆ ಡೊಂಕು ಎಲ್ಲಿದೆ, ಎಷ್ಟನ್ನು ತಿದ್ದಬಹುದು, ಎಷ್ಟನ್ನು ತಿದ್ದಲಾಗದು ಎಂಬುದೇ ಈ ಸಲದ ವಿಷಯ.

ಮೊದಲು ಗುಂಡನ್ನು ನೋಡೋಣ. ಔಷಧಿ ಅಂಗಡಿಯಲ್ಲಿ ಸಿಗುವ ವಿಟಮಿನ್ 'ಇ' ಮಾತ್ರೆಯನ್ನು ನೆನಪಿಸಿಕೊಳ್ಳಿ. ಮೆತ್ತನೆಯ ಜೆಲಾಟಿನ್ ಸಿಪ್ಪೆ, ಒಳಗೆ ದ್ರವ. ಪೇಂಟ್‌ಬಾಲ್ ಗುಂಡೂ ಅದೇ ಜಾತಿಯದು. ಒಳಗಿರುವುದು ನೀರಿನಲ್ಲಿ ತೊಳೆದುಹೋಗುವ ಬಣ್ಣ. ತೂಕ ಸುಮಾರು 3 ಗ್ರಾಂ. ಇದನ್ನು ಹಾರಿಸುವ ಸಾಧನಕ್ಕೆ ಆಟಗಾರರು ಕೋವಿ ಎನ್ನುವುದಿಲ್ಲ, 'ಮಾರ್ಕರ್' ಎನ್ನುತ್ತಾರೆ. ಈ ಹೆಸರಿಗೆ ಕಾರಣವಿದೆ. ಅಮೆರಿಕದಲ್ಲಿ ಕಡಿಯಬೇಕಾದ ಮರಗಳಿಗೆ ದೂರದಿಂದಲೇ ಬಣ್ಣದ ಗುರುತು ಹಾಕಲು ಅರಣ್ಯದವರಿಗಾಗಿ ಮಾಡಿದ ಉಪಕರಣವಿದು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನ್ನಿಕರ್ ಎಂಬಲ್ಲಿ 12 ಮಂದಿ ಇದನ್ನೇ ಹಿಡಿದು ಕಾಡಿನಲ್ಲಿ ಆಡಿದರು. ಆಟ ಹುಟ್ಟಿದ್ದು ಹಾಗೆ.

ಸಾಮಾನ್ಯ ಗುಂಡಿನ ಅಳತೆ 0.68 ಅಂಗುಲ, ಎಂದರೆ 17 ಮಿಲಿಮೀಟರಿಗೆ ತುಸು ಹೆಚ್ಚು. ಆದರೆ ಇದು ಡಬ್ಬಿಯ ಮೇಲಿನ ಅಳತೆ. ಒಳಗಿನ ಗುಂಡುಗಳನ್ನು ಅಳೆದರೆ ಒಂದು 0.680 ಇದ್ದರೆ ಇನ್ನೊಂದು 0.688 ಇರಬಹುದು. ನಳಿಗೆಯ ಒಳ ಅಳತೆಯೂ ಹಾಗೆಯೇ, ಸುಮಾರು 0.68ರಿಂದ 0.69 ಅಂಗುಲದ ನಡುವೆ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. 0.004 ಅಂಗುಲವೆಂದರೆ ಬರೆಯುವ ಕಾಗದದ ಒಂದು ಹಾಳೆಯ ದಪ್ಪ, ಅಷ್ಟೇ. ಅಷ್ಟಕ್ಕೇ ಏನಾದೀತು ಎನ್ನುತ್ತೀರಾ?

ಮಲೆನಾಡು, ಉತ್ತರ ಕನ್ನಡದ ಕಡೆಯವರು ಚಿಕ್ಕಂದಿನಲ್ಲಿ ಬಿದಿರಿನ ಪೆಟ್ಲು ಹೊಡೆದಿರುತ್ತೀರಿ. ಕೊಳವೆಯ ತುದಿಗೆ ಒಂದು ಕಾಯಿ ನೂಕಿ, ಹಿಂದಿನಿಂದ ಇನ್ನೊಂದು ಕಾಯಿಯನ್ನು ಕೋಲಿನಿಂದ ತಳ್ಳಿದರೆ ನಡುವಿನ ಗಾಳಿ ಒತ್ತಿಕೊಂಡು ಮೊದಲಿನದು 'ಪಟ್' ಎಂದು ಹಾರುತ್ತದೆ. ಕಾಯಿ ಸಣ್ಣದಾದರೆ ಗಾಳಿ ಪಕ್ಕದಿಂದ ಸೋರಿ 'ಫುಸ್' ಎನ್ನುತ್ತದೆ. ದೊಡ್ಡದಾದರೆ ಕೊಳವೆಯಲ್ಲೇ ಜಜ್ಜಿಹೋಗುತ್ತದೆ. ಸರಿಯಾದ ಕಾಯನ್ನು ಆರಿಸುವ ಹುಡುಗನಿಗೇ ಊರಿನಲ್ಲಿ ಮರ್ಯಾದೆ. ಪೇಂಟ್‌ಬಾಲಿನ ಶಾಸ್ತ್ರವೆಲ್ಲ ಈ ಪೆಟ್ಲಿನಲ್ಲೇ ಇದೆ. ಕೋಲಿನ ಬದಲು ಸಿಲಿಂಡರಿನ ಒತ್ತಿದ ಗಾಳಿ, ಅಷ್ಟೇ ವ್ಯತ್ಯಾಸ.

ಈ ಗುಂಡು-ನಳಿಗೆಯ ಜಗಳ ಹಳೆಯದು, ಇತಿಹಾಸವನ್ನೇ ಕದಡಿದ್ದು. ಬ್ರಿಟಿಷರ ಹಳೆಯ 'ಬ್ರೌನ್ ಬೆಸ್' ಬಂದೂಕಿನ ನಳಿಗೆ 0.75 ಅಂಗುಲ, ಅದಕ್ಕೆ ಹಾಕುತ್ತಿದ್ದ ಗುಂಡು ಸುಮಾರು 0.69. ಬೇಗ ತುಂಬಬೇಕು, ಮದ್ದಿನ ಮಸಿ ಕಟ್ಟಿದರೂ ಗುಂಡು ಇಳಿಯಬೇಕು ಎಂದು ಬೇಕೆಂದೇ ಸಡಿಲ ಬಿಟ್ಟಿದ್ದರು. ಗುಂಡು ಅತ್ತಿತ್ತ ಬಡಿಯುತ್ತ ಹೊರಡುತ್ತಿತ್ತು, ದೂರದ ಗುರಿ ದೇವರಿಗೇ ಪ್ರೀತಿ. ಆಮೇಲೆ ಬಂದ 0.577 ಅಂಗುಲದ ಎನ್‌ಫೀಲ್ಡ್ ರೈಫಲಿನಲ್ಲಿ ಗುಂಡು ನಳಿಗೆಗೆ ಹೊಂದಿ ಕೂರಬೇಕಿತ್ತು. ಅದು ಸಲೀಸಾಗಿ ಇಳಿಯಲೆಂದು ತೋಟೆಯ ಕಾಗದಕ್ಕೆ ಜಿಡ್ಡು ಸವರಿದರು. ಆ ಜಿಡ್ಡು ದನದ್ದೋ ಹಂದಿಯದೋ ಎಂಬ ಗುಮಾನಿ 1857ರಲ್ಲಿ ಏನು ಮಾಡಿತೆಂಬುದನ್ನು ನೀವು ಶಾಲೆಯಲ್ಲೇ ಓದಿದ್ದೀರಿ. ದಂಗೆಗೆ ಕಾರಣಗಳು ಹಲವು, ಆದರೆ ಕಿಡಿ ತಗುಲಿದ್ದು ಈ ಕೂದಲೆಳೆಯ ಹೊಂದಾಣಿಕೆಯ ಜಾಗದಲ್ಲೇ.

ಈಗ ಆಟಕ್ಕೆ ಬರೋಣ. ಹೊಂದಿಕೆ ಪರೀಕ್ಷಿಸಲು ಯಂತ್ರ ಬೇಡ, ನಿಮ್ಮ ಉಸಿರು ಸಾಕು. ಆದರೆ ಮೊದಲು ಗಾಳಿಯ ಸಿಲಿಂಡರನ್ನು ಕಳಚಿ, ಮಾರ್ಕರಿನೊಳಗೆ ಗುಂಡು ಉಳಿಯದಂತೆ ನೋಡಿಕೊಂಡು, ನಳಿಗೆಯನ್ನು ಪೂರ್ತಿ ಬಿಚ್ಚಿ ಬೇರೆ ಮಾಡಬೇಕು. ಜೋಡಿಸಿದ ನಳಿಗೆಗೆ ಯಾವ ಕಾರಣಕ್ಕೂ ಬಾಯಿ ಇಡಕೂಡದು, ಕಣ್ಣಿಡಕೂಡದು. ಆಮೇಲೆ ನಳಿಗೆಯ ಹಿಂದಿನ ತುದಿಯಿಂದ ಒಂದು ಗುಂಡು ಹಾಕಿ. ಅದು ಜಾರಿ ಆಚೆ ಬಿದ್ದರೆ ನಳಿಗೆ ದೊಡ್ಡದಾಯಿತು. ಒಳಗೇ ನಿಂತು, ಊದಿದಾಗ ಸಲೀಸಾಗಿ ಹೊರಬಿದ್ದರೆ ಜೋಡಿ ಕೂಡಿತು. ಎಷ್ಟು ಊದಿದರೂ ಕದಲದೆ, ಕಡ್ಡಿಯಿಂದ ನೂಕಬೇಕಾಗಿ ಬಂದರೆ ನಳಿಗೆ ಸಣ್ಣದು. ಒಂದೇ ಗುಂಡಿನ ಮಾತು ನಂಬಬೇಡಿ. ಅದೇ ಚೀಲದ ಐದಾರನ್ನು ನೋಡಿ, ಹೆಚ್ಚಿನವು ಏನು ಹೇಳುತ್ತವೋ ಅದನ್ನು ಹಿಡಿಯಿರಿ. ಸ್ವಂತ ಮಾರ್ಕರ್ ಇಟ್ಟುಕೊಂಡವರು ನಳಿಗೆಯೊಳಗೆ ತೂರಿಸುವ ತೆಳ್ಳನೆಯ ಒಳಕೊಳವೆಗಳ ಒಂದು ಕಟ್ಟನ್ನೇ ಇಟ್ಟುಕೊಂಡು, ಅಂದಿನ ಗುಂಡಿಗೆ ತಕ್ಕುದನ್ನು ಹಾಕುತ್ತಾರೆ.

ಇದರಿಂದ ಸಿಗುವ ಲಾಭವೇನು? ಬಹಳ ಮಂದಿ ತಪ್ಪು ತಿಳಿಯುವುದು ಇಲ್ಲೇ. ಹೊಂದುವ ನಳಿಗೆ ಗುಂಡನ್ನು ಗೆರೆ ಹೊಡೆದಂತೆ ನೇರ ಕಳಿಸುತ್ತದೆ ಎಂದು ಭಾವಿಸಿ ದುಬಾರಿ ನಳಿಗೆ ಕೊಳ್ಳುತ್ತಾರೆ. ಅದು ನಿಜವಾಗಿ ಕೊಡುವುದು ಒಂದೇ ಸಮನಾದ ವೇಗ. ಸಡಿಲ ನಳಿಗೆಯಲ್ಲಿ ಒಂದು ಗುಂಡಿನ ಪಕ್ಕದಿಂದ ಹೆಚ್ಚು ಗಾಳಿ ಸೋರುತ್ತದೆ, ಮತ್ತೊಂದರಿಂದ ಕಡಿಮೆ. ಒಂದು ಗುಂಡು ಸೆಕೆಂಡಿಗೆ 300 ಅಡಿ ವೇಗದಲ್ಲೂ ಮುಂದಿನದು 280 ಅಡಿ ವೇಗದಲ್ಲೂ ಹೊರಟಿತೆನ್ನಿ. 30 ಮೀಟರ್ ದೂರ ಹೋಗುವಷ್ಟರಲ್ಲಿ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಎರಡನೆಯದು ಮೊದಲಿನದಕ್ಕಿಂತ ಸುಮಾರು 8 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಗಾಳಿಯ ತಡೆ ಸೇರಿದರೆ ಇನ್ನೂ ಹೆಚ್ಚು. ಹೊಂದಿಕೆ ತಿದ್ದುವುದು ಈ ಮೇಲು-ಕೆಳಗನ್ನು. ಜೊತೆಗೆ ಗಾಳಿ ಉಳಿಯುತ್ತದೆ, ಗುಂಡು ನಳಿಗೆಯೊಳಗೆ ಒಡೆಯುವುದೂ ಕಡಿಮೆಯಾಗುತ್ತದೆ. ಒಂದು ಗುಂಡು ಒಳಗೆ ಒಡೆಯಿತೆಂದರೆ ಆ ಬಣ್ಣ ಒರೆಸಿ ತೆಗೆಯುವವರೆಗೆ ಮುಂದಿನವೆಲ್ಲ ಅಂಟಿಗೆ ತಗುಲಿ, ಗಿರಕಿ ಹೊಡೆದು, ವಕ್ರವಾಗಿಯೇ ಹೋಗುತ್ತವೆ.

ಆದರೆ ಎಡ-ಬಲದ ಅಲೆದಾಟವನ್ನು ಯಾವ ನಳಿಗೆಯೂ ನಿಲ್ಲಿಸಲಾರದು. ಹೊಲಿಗೆಯಿರುವ ಕ್ರಿಕೆಟ್ ಚೆಂಡು ಗಾಳಿಯಲ್ಲಿ ಹೊರಳುವುದನ್ನು ನೋಡಿದ್ದೀರಿ. ಈ ಗುಂಡಿಗೂ ಎರಡು ಹೋಳು ಕೂಡುವಲ್ಲಿ ಒಂದು ಏಣು ಇದೆ, ಒಳಗೆ ಅಲುಗಾಡುವ ದ್ರವವಿದೆ, ಪೂರ್ತಿ ದುಂಡಗೂ ಇರುವುದಿಲ್ಲ. ಹಗುರವಾದ ದುಂಡು ವಸ್ತು ವೇಗವಾಗಿ ಗಾಳಿ ಸೀಳುವಾಗ ಒಂದಿಷ್ಟು ವಾಲಾಡಿಯೇ ತೀರುತ್ತದೆ. ನಳಿಗೆ ಉದ್ದವಿದ್ದಷ್ಟೂ ಗುರಿ ನಿಖರ ಎಂಬುದೂ ಬರೀ ನಂಬಿಕೆ. ಆದ್ದರಿಂದ ಮಗ ಹೊಸ ನಳಿಗೆ ಬೇಕೆಂದು ಹಟ ಹಿಡಿದರೆ, ದುಂಡಗಿರುವ ತಾಜಾ ಗುಂಡು ತೆಗೆದುಕೋ ಎಂದು ಹೇಳಿ. ದುಡ್ಡು ಅಲ್ಲಿ ಹೆಚ್ಚು ದುಡಿಯುತ್ತದೆ.

ತಾಜಾ ಎಂದೆ, ಅದಕ್ಕೆ ನಮ್ಮ ಹವೆಯೇ ಕಾರಣ. ಜೆಲಾಟಿನ್ ತೇವ ಹೀರುತ್ತದೆ. ಮುಂಬಯಿಯ ಜುಲೈ ತಿಂಗಳಲ್ಲಿ ಮಾತ್ರೆಗಳು ಶೀಶೆಯಲ್ಲೇ ಒಂದಕ್ಕೊಂದು ಅಂಟಿಕೊಳ್ಳುವುದನ್ನು ಗೃಹಿಣಿಯರು ಬಲ್ಲರು. ಬಾಯಿ ತೆರೆದಿಟ್ಟ ಚೀಲದಲ್ಲಿ ಗುಂಡೂ ಹೀಗೆಯೇ ಉಬ್ಬಿ, ಮೆತ್ತಗಾಗಿ, ಒಂದು ಮಗ್ಗುಲು ಚಪ್ಪಟೆಯಾಗುತ್ತದೆ. ನಿನ್ನೆ ಸರಿಯಾಗಿ ಹೊಂದಿದ್ದ ನಳಿಗೆ ಇಂದು ಬಿಗಿಯಾಗುತ್ತದೆ. ದೆಹಲಿಯ ಜನವರಿಯ ಚಳಿಯಲ್ಲಾದರೆ ಸಿಪ್ಪೆ ಗರಿಗರಿಯಾಗಿ ನಳಿಗೆಯಲ್ಲೇ ಒಡೆಯುತ್ತದೆ. ನಳಿಗೆ ಲೋಹದ್ದು, ಅದು ಇದ್ದಂತೆಯೇ ಇರುತ್ತದೆ. ಬದಲಾಗುವುದು ಗುಂಡು. ಆದ್ದರಿಂದಲೇ ಒಮ್ಮೆ ಹೊಂದಿಸಿ ಮರೆತುಬಿಡುವ ಕೆಲಸ ಇದಲ್ಲ, ಆಡುವ ದಿನವೇ ಊದಿ ನೋಡಬೇಕು.

ರೆಸಾರ್ಟಿನಲ್ಲಿ ಬಾಡಿಗೆಯ ಮಾರ್ಕರ್ ಹಿಡಿಯುವವರಿಗೆ ನಳಿಗೆ ಆರಿಸುವ ಅವಕಾಶ ಇರುವುದಿಲ್ಲ. ಆದರೂ ಮೂರು ಕೆಲಸ ಮಾಡಬಹುದು. ಚೀಲ ನಿಮ್ಮೆದುರೇ ಬಿಚ್ಚಲು ಹೇಳಿ. ಅಂಟಿಕೊಂಡ, ಚಪ್ಪಟೆಯಾದ ಗುಂಡುಗಳನ್ನು ಬೇರೆ ಹಾಕಿ. ಬಾಯಿಯಿಂದ ಬಣ್ಣ ಚಿಮ್ಮತೊಡಗಿದರೆ ನೀವೇ ಇಣುಕಿ ನೋಡದೆ ಅಲ್ಲಿಯ ಸಿಬ್ಬಂದಿಗೆ ಕೊಟ್ಟು ಒರೆಸಿಸಿಕೊಳ್ಳಿ. ನೆಲಕ್ಕೆ ಬಿದ್ದ ಗುಂಡನ್ನು ಹೆಕ್ಕಿ ತುಂಬುವ ಚಪಲ ಬೇಡ. ತೇವ ಹೀರಿದ್ದು, ಮಣ್ಣು ಹತ್ತಿದ್ದು ಒಳಗೇ ಒಡೆಯುತ್ತದೆ. ಹಳತಾಗಿ ಗಟ್ಟಿಯಾದದ್ದು ಎದುರಿನವರ ಮೈಗೆ ಬಿದ್ದು ಒಡೆಯದೆ ಪುಟಿಯುತ್ತದೆ, ಆಗ ಪೆಟ್ಟು ಜೋರು. ಚಿಕ್ಕ ಮಕ್ಕಳಿಗೆ 0.50 ಅಂಗುಲದ ಹಗುರ ಗುಂಡಿನ ಆಟ ಇದೆಯೇ ಎಂದು ಮೊದಲೇ ವಿಚಾರಿಸಿ.

ಇನ್ನು ಮುಖವಾಡ. ಸೆಕೆಂಡಿಗೆ 300 ಅಡಿ ಎಂದರೆ ಗಂಟೆಗೆ ಸುಮಾರು 330 ಕಿಲೋಮೀಟರ್, ಅತಿವೇಗದ ಬೌಲರನ ಚೆಂಡಿನ ಎರಡು ಪಟ್ಟು. ಎಡ-ಬಲಕ್ಕೆ ವಾಲಾಡುವ ಗುಂಡು ಯಾರ ಕಣ್ಣನ್ನು ಹುಡುಕೀತು ಎಂದು ಹಾರಿಸಿದವನಿಗೂ ಗೊತ್ತಿರುವುದಿಲ್ಲ. ಸೆಕೆಯೆಂದು, ಗಾಜಿಗೆ ಮಂಜು ಕವಿಯಿತೆಂದು ಅಂಗಳದೊಳಗೆ ಒಂದು ಕ್ಷಣವೂ ಅದನ್ನು ಮೇಲೆತ್ತಕೂಡದು. ಮಕ್ಕಳನ್ನು ಕಳಿಸುವ ತಂದೆ ತಾಯಿಯರು ಈ ಒಂದು ಮಾತನ್ನು ಹೊರಡುವಾಗ ಮತ್ತೊಮ್ಮೆ ಹೇಳಿ ಕಳಿಸಿ.

ಕೊನೆಗೊಂದು ಸ್ವಾರಸ್ಯ. 1981ರ ಆ ಮೊದಲ ಆಟದಲ್ಲಿ ಗೆದ್ದಾತ ರಿಚಿ ವೈಟ್ ಎಂಬ ಅರಣ್ಯದ ಕೆಲಸಗಾರ. ಕಾಡು ಬಲ್ಲವನಾದ್ದರಿಂದ ಯಾರ ಕಣ್ಣಿಗೂ ಬೀಳದೆ ಎಲ್ಲ ಬಾವುಟಗಳನ್ನೂ ಕಲೆಹಾಕಿದ. ಹಾರಿಸಿದ ಗುಂಡುಗಳ ಸಂಖ್ಯೆ ಸೊನ್ನೆ! ನಳಿಗೆಯ ಚಿಂತೆಯೇ ಅವನಿಗೆ ಬರಲಿಲ್ಲ.